ಒಂದು ಮೊಳ, ಮೇಲೆ ಎರಡು ಬೆರಳು

ಸೋಮವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಆಗಷ್ಟೇ ಫೋನಿನಲ್ಲಿ ಮಾತು ಮುಗಿಸಿ ಅದನ್ನು ಅಡುಗೆ ಕಟ್ಟೆಯ ಮೇಲಿಟ್ಟಿದ್ದೆ. ಪರದೆ ಆರುವ ಮೊದಲು ಕಂಡ ಆ ಅಂಕೆಗಳು ಇವತ್ತಿಗೂ ಕಣ್ಣ ಮುಂದಿವೆ. ಅದೇ ಗಳಿಗೆಗೆ ಅತ್ತೆಯ ಪೂಜೆಯ ತಟ್ಟೆಯಲ್ಲಿದ್ದ ಪತ್ರಿಯ ಮೇಲೆ ಗೋಡೆಯಿಂದ ಮಣ್ಣು ಉದುರಿತು. ಬಹಳವಲ್ಲ, ಚಿಟಿಕೆ ಉಪ್ಪಿನಷ್ಟು. ಅತ್ತೆ ತಲೆಯೆತ್ತಿಯೂ ನೋಡಲಿಲ್ಲ. ಸೆರಗಿನ ತುದಿಯಿಂದ ಒರೆಸಿದರು.

"ಇಲಿ ತೋಡಾಕತ್ತಾವ ನೋಡ. ಹಗಲೊತ್ತಿನ್ಯಾಗೂ ಬಿಡವಲ್ಲವು," ಅಂದರು.

ನಾನೂ ಇಲಿ ಎಂದೇ ನಂಬಿದೆ. ಪದವಿ ಮೇಲೆ ಪದವಿ ಓದಿದವಳು, ಇಲಿ ಎಂದು ನಂಬಿ ಹಾಲಿನ ಪಾತ್ರೆಗೆ ಮುಚ್ಚಳ ಹಾಕಿದೆ.

ನಮ್ಮದು ಗೋಕಾಕದ ಹಳೆಯ ಓಣಿಯೊಂದರಲ್ಲಿದ್ದ ಮಣ್ಣಿನ ಮಾಳಿಗೆಯ ಮನೆ, ತೊಲೆಗಳ ಮೇಲೆ ಮಣ್ಣು ಹೇರಿದ ಚಪ್ಪಟೆ ಸೂರು. 'ಇದ್ದ' ಎಂದು ಬರೆಯುವುದು ಇನ್ನೂ ರೂಢಿಯಾಗಿಲ್ಲ. ಮಾವ ತೀರಿಹೋಗಿ ವರ್ಷಗಳಾಗಿವೆ. ಮನೆಯಲ್ಲಿ ಅತ್ತೆ, ನನ್ನ ಗಂಡ ಮತ್ತು ನಾನು. ನಾನು ಮೂಡಲಗಿಯ ಕಾಲೇಜೊಂದರಲ್ಲಿ ಗ್ರಂಥಪಾಲಕಿ, ದಿನವೂ ಬಸ್ಸಿನಲ್ಲಿ ಹೋಗಿಬರುತ್ತೇನೆ. ಪಕ್ಕದ ಮನೆ ಮಾವನ ತಮ್ಮನದು. ಗಂಡ ಕರೆಯುವಂತೆ ನಾನೂ ಅವರನ್ನು ಕಾಕಾ ಎಂದೂ ಅವರ ಹೆಂಡತಿಯನ್ನು ಕಾಕು ಎಂದೂ ಕರೆಯುತ್ತೇನೆ. ಕಾಕಾನಿಗೆ ನನ್ನ ಅತ್ತೆ 'ವೈನಿ', ಅಂದರೆ ಅತ್ತಿಗೆ. ಹಿಂದೆ ಎರಡೂ ಒಂದೇ ಮನೆ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ ಬಾಗಿಲು ಎರಡಾದವು, ಒಲೆ ಎರಡಾದವು. ನಡುವಿನ ಗೋಡೆ ಒಂದೇ ಉಳಿಯಿತು. ಎರಡು ಮೊಳ ದಪ್ಪದ ಗೋಡೆ, ಅಂದರೆ ಮೂರು ಅಡಿ. ಎರಡೂ ಮುಖಕ್ಕೆ ಕಲ್ಲು, ಹೊಟ್ಟೆಯೊಳಗೆ ಮಣ್ಣು. ಎರಡೂ ಮನೆಯ ತೊಲೆಗಳು ಅದರ ಮೇಲೆಯೇ ಕೂತಿದ್ದವು. ಪಾಲಿನ ಕಾಗದದಲ್ಲಿ ಹಿರಿಯರು ಒಂದು ಸಾಲು ಬರೆಸಿದ್ದರು: ನಡುವಿನ ಗೋಡೆ ಅರ್ಧ ಅಣ್ಣನದು, ಅರ್ಧ ತಮ್ಮನದು.

ಆ ಒಂದು ಸಾಲನ್ನು ಎರಡೂ ಮನೆಯವರು ಪಾಲಿಸಿದ ರೀತಿ ನೋಡಿ ಮದುವೆಯಾಗಿ ಬಂದ ಹೊಸತರಲ್ಲಿ ನಾನು ಒಳಗೊಳಗೇ ನಗುತ್ತಿದ್ದೆ. ಮಾಳಿಗೆಯ ಮೇಲೆ, ಗೋಡೆಯ ನಟ್ಟನಡುವೆ ಒಂದು ಸುಣ್ಣದ ಗೆರೆಯಿತ್ತು. ದೀಪಾವಳಿಗೆ ಮನೆಗೆ ಸುಣ್ಣ ಹಚ್ಚುವಾಗ ಅದನ್ನೂ ಹೊಸದು ಮಾಡುತ್ತಿದ್ದರು, ಒಂದು ವರ್ಷ ನಾವು, ಒಂದು ವರ್ಷ ಅವರು. ಕಾಕಾ ತಮ್ಮ ಕಡೆ ಅಂಗಿ ತೂಗುಹಾಕಲು ಗೂಟ ಹೊಡೆಯುವಾಗಲೂ ಮೊದಲು ಅದರ ಉದ್ದ ಅಳೆಯುತ್ತಿದ್ದರು, ಮೊನೆ ಅಣ್ಣನ ಪಾಲಿಗೆ ದಾಟಬಾರದು ಎಂದು. ಗೂಟ ಒಂದು ಗೇಣು ಸಹ ಇರುತ್ತಿರಲಿಲ್ಲ, ಅವರ ಪಾಲಿನ ಗೋಡೆ ಒಂದು ಮೊಳ. ದಾಟುವುದಾದರೂ ಹೇಗೆ?

ಆ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಒಲೆ ಬೇರೆಯಾದ ಮೇಲೂ ರೊಟ್ಟಿ, ಪಲ್ಯ ಆಚೆಈಚೆ ಹೋಗಲಿ ಎಂದು ಅತ್ತೆಯ ಅತ್ತೆ ಉಳಿಸಿಕೊಂಡದ್ದಂತೆ. ಒಂದು ತಾಟು ಹಿಡಿಯುವಷ್ಟು ಅಗಲ. ನಾನು ಭುಜದವರೆಗೆ ಕೈ ತೂರಿಸಬೇಕು, ಆ ಕಡೆಯಿಂದ ಕಾಕು ಕೈ ತೂರಿಸಬೇಕು. ಕತ್ತಲಲ್ಲಿ ನಮ್ಮ ಬೆರಳುಗಳು ತಾಟಿನ ಅಂಚಿನಲ್ಲಿ ಸೇರುತ್ತಿದ್ದವು. ಮುಖ ಕಾಣಿಸುತ್ತಿರಲಿಲ್ಲ, ಬಳೆ ಸದ್ದು ಕೇಳಿಸುತ್ತಿತ್ತು. ಸೋಮವಾರ ಪೂಜೆಯಾದ ಮೇಲೆ ಅತ್ತೆಯ ಪ್ರಸಾದ ಹೋಗುತ್ತಿದ್ದದ್ದು ಆ ದಾರಿಯಿಂದಲೇ.

ಕಾಕಾ ತಮ್ಮ ಭಾಗದ ಮನೆ ಕೆಡವಿ ಹೊಸದಾಗಿ ಕಟ್ಟಿಸಲು ಹೊರಟರು. ಕದ್ದುಮುಚ್ಚಿ ಅಲ್ಲ. ನಕಾಶೆ ಮಾಡಿಸಿ ನಗರಸಭೆಯ ಕಚೇರಿಗೆ ಅರ್ಜಿ ಕೊಟ್ಟು, ಪರವಾನಗಿಗಾಗಿ ತಿಂಗಳುಗಟ್ಟಲೆ ಕಾದರು. ಬಾಜೂದವರ ತಕರಾರಿಲ್ಲ ಎಂಬ ಪತ್ರ ಬೇಕೆಂದಾಗ ನಮ್ಮ ಪಡಸಾಲೆಗೆ ಬಂದು ಕೂತರು.

"ಓದಿದ ಸೊಸಿ ಅದಾಳ, ಆಕೀನ ಬರೀಲಿ. ನಾ ಬರದ್ರ ಕಚೇರ್ಯಾಗ ಓದಾಕ ಇನ್ನೊಬ್ಬ ಬೇಕಾಕ್ಕಾನ," ಅಂದರು.

ನಾನು ಬರೆದೆ. ನಕಾಶೆಯನ್ನು ಟೇಬಲ್ಲಿನ ಮೇಲೆ ಹರಡಿಕೊಂಡು, ಕನ್ನಡಕ ಒರೆಸಿಕೊಂಡು, ಸಾವಕಾಶವಾಗಿ ನೋಡಿಯೇ ಬರೆದೆ. ಮೂರು ಅಡಿ ದಪ್ಪದ ಗೋಡೆ ಆ ನಕಾಶೆಯಲ್ಲಿ ಒಂದೇ ಒಂದು ಗೆರೆಯಾಗಿತ್ತು. ಗೆರೆಯ ಆಚೆ 'ಖಾಲಿ ಜಾಗ ಮೂರು ಅಡಿ' ಎಂದಿತ್ತು. ಆ ಮೂರು ಅಡಿಯನ್ನು ಎಲ್ಲಿಂದ ಎಣಿಸುತ್ತೀರಿ ಎಂದು ನಾನು ಕೇಳಲಿಲ್ಲ. ನಮ್ಮ ಹಿತ ಕಾಯಲೆಂದು ಒಂದು ಮಾತನ್ನು ಮಾತ್ರ ಜಾಣತನದಿಂದ ಸೇರಿಸಿದೆ: 'ಅವರು ತಮ್ಮ ಹದ್ದಿನೊಳಗೆ ಏನು ಮಾಡಿಕೊಂಡರೂ ನಮ್ಮ ತಕರಾರು ಇರುವುದಿಲ್ಲ.' ತಮ್ಮ ಹದ್ದಿನೊಳಗೆ. ಆ ಮಾತಿನ ಬಗ್ಗೆ ನನಗೆ ಒಂದಿಷ್ಟು ಹೆಮ್ಮೆಯೂ ಇತ್ತು. ಅತ್ತೆಯ ಸಹಿ ಹಾಕಿಸಿದೆ, ಸಾಕ್ಷಿ ಎಂದು ಕೆಳಗೆ ನನ್ನದೂ ಹಾಕಿದೆ.

ಕಾಕಾನ ಮನೆ ಕೆಡವುವುದು ಮುಗಿದಿತ್ತು, ಅವರು ಓಣಿಯ ಎದುರಿಗೆ ಬಾಡಿಗೆ ಹಿಡಿದಿದ್ದರು. ಶನಿವಾರ ನಾವು ಮೂವರೂ ಹುಕ್ಕೇರಿಗೆ, ನಾದಿನಿಯ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋದೆವು. ಗಂಡ ಅಲ್ಲಿಯೇ ಉಳಿದರು, ನಾನೂ ಅತ್ತೆಯೂ ರವಿವಾರ ಸಂಜೆ ತಿರುಗಿ ಬಂದೆವು. ಸೋಮವಾರಕ್ಕೆ ನಾನು ಮೊದಲೇ ರಜೆ ಹಾಕಿದ್ದೆ.

ಮಣ್ಣು ಉದುರಿ ಐದು ನಿಮಿಷವಾಗಿರಬಹುದು. ಪೂಜೆ ಇನ್ನೂ ಮುಗಿದಿರಲಿಲ್ಲ. ಆದರೆ ಕಾಕು ಕೆಲಸ ನೋಡಲು ಗೋಡೆಯ ಆಚೆ ಬಂದು ನಿಂತಿದ್ದರು ಎಂದು ಅತ್ತೆ ಸಕ್ಕರೆ-ಕೊಬ್ಬರಿಯ ಬಟ್ಟಲನ್ನು ನನ್ನ ಕೈಗೆ ಕೊಟ್ಟು, "ಕೊಡ ಆಕೀಗಿ, ಬಿಸಲಾಗ ನಿಂತಾಳ," ಅಂದರು. ನಾನು ಎಂದಿನಂತೆ ಕಿಂಡಿಯೊಳಗೆ ಕೈ ತೂರಿಸಿದೆ.

ಬೆರಳುಗಳಿಗೆ ಬಿಸಿಲು ತಾಗಿತು.

ಮೊಣಕೈ ಇನ್ನೂ ಆಗಷ್ಟೇ ಕಿಂಡಿಯ ಬಾಯಿ ದಾಟಿತ್ತು. ಭುಜದವರೆಗೆ ಹೋದರೂ ಮುಗಿಯದ ಕತ್ತಲೆ ಮುಗಿದುಹೋಗಿತ್ತು. ಆ ಕಡೆಯಿಂದ ಕಾಕು, "ಅಯ್ಯ, ಇವತ್ತ ನಿನ್ನ ಕೈ ಇಲ್ಲೀತನಾ ಬಂತಲ್ಲವಾ!" ಎಂದು ನಗುತ್ತ ಬಟ್ಟಲು ತೆಗೆದುಕೊಂಡರು. ನಾನು ಕೈಯನ್ನು ಹಾಗೆಯೇ ಇಟ್ಟುಕೊಂಡು ನಿಂತೆ. ನನ್ನ ಬೆರಳುಗಳು ಹೊರಗೆ ಗಾಳಿಯಲ್ಲಿ ಇದ್ದವು. ಬಗ್ಗಿ ಕಣ್ಣಿಟ್ಟು ನೋಡಿದರೆ, ಕಾಕುವಿನ ಮುಖ ಕಂಡಿತು. ಇಷ್ಟು ವರ್ಷಗಳಲ್ಲಿ ಆ ಕಿಂಡಿಯಿಂದ ಅವರ ಮುಖ ಕಂಡದ್ದು ಅದೇ ಮೊದಲು. ಅವರ ಹಿಂದೆ ಇಬ್ಬರು ಆಳುಗಳು ಹೊಸ ಪಾಯ ತೋಡುತ್ತಿದ್ದರು. ಗುದ್ದಲಿ ಬಿದ್ದಾಗಲೆಲ್ಲ ಈ ಕಡೆ ಅತ್ತೆಯ ತಟ್ಟೆಯಲ್ಲಿ ಚಿಟಿಕೆ ಮಣ್ಣು.

ಓಡಿ ಹೊರಗೆ ಹೋಗಿ ಸುತ್ತುಹಾಕಿ ಆ ಕಡೆಯಿಂದ ನೋಡಿದೆ. ನಮ್ಮ ಗೋಡೆಯ ಹೊಟ್ಟೆ ತೆರೆದಿತ್ತು. ಆ ಕಡೆಯ ಕಲ್ಲಿನ ಮುಖ ಪೂರ್ತಿ ಇಲ್ಲ. ನೂರು ವರ್ಷದ ಕೆಂಪು ಮಣ್ಣು ಬತ್ತಲೆ ನಿಂತಿತ್ತು, ನೆಟ್ಟಗೆ, ಚಾಕುವಿನಿಂದ ಕೊಯ್ದ ಹಾಗೆ. ಅದರ ನಡುನಡುವೆ ಮುರಿದ ಕಲ್ಲಿನ ಮೊಂಡುಗಳು. ಮೇಲೆ, ಆ ಅರ್ಧ ಗೋಡೆಯ ಮೇಲೆ, ನಮ್ಮ ತೊಲೆಗಳ ತುದಿಗಳು.

ಗಾರೆ ಕೆಲಸದ ಹಿರಿಯ ಗೌಂಡಿ ಒಂದು ಕಲ್ಲಿನ ಮೇಲೆ ಕೂತು ಎಲೆ ಹಾಕುತ್ತಿದ್ದ.

"ಇದನ್ನ ಯಾರ ಕಡದವರು?" ಎಂದು ಕೇಳಿದೆ.

"ನಾವ ಬಾಯಾರ. ಶನವಾರ, ಐತವಾರ ಎರಡ ದಿವಸ ಆತು. ಅವರು ಊರಾಗಿಲ್ಲದಾಗ ಮುಗಸ್ರಿ, ನಮ್ಮ ವೈನಿಗಿ ಧೂಳ ಆಗತೈತಿ ಅಂದ್ರು ಮಾಲಕರು."

"ನಿಮಗ ಗೊತ್ತಾಗಲಿಲ್ಲೇನ್ರಿ?"

ಅವನು ಎಲೆ ಅಗಿಯುವುದನ್ನು ನಿಲ್ಲಿಸಿದ. "ಗೊತ್ತಾತ್ರಿ. ಆಚಿ ಮಾರಿಯಿಂದ ಈಚಿ ಮಾರಿತನಾ ಉದ್ದಗಲ್ಲ ಇಟ್ಟಿರ್ತಾರ, ಅವು ಹಿಡದ ನಿಂತಿರ್ತಾವ. ಅವನ್ನ ಒಡಿಯೋದು ಬ್ಯಾಡ್ರಿ ಅಂದ್ನಿ. ಅರ್ಧಾ ನಂದು, ನಂದ ನಾ ತಗೀತೇನಿ, ನಿನಗೇನ ತ್ರಾಸ ಅಂದ್ರು."

ಕಾಕಾ ಊರಲ್ಲಿರಲಿಲ್ಲ, ಬಾಗಿಲ ಚೌಕಟ್ಟಿಗೆ ಕಟ್ಟಿಗೆ ನೋಡಲು ನಾಗನೂರಕ್ಕೆ ಹೋಗಿದ್ದರು. ಫೋನು ಹತ್ತಲಿಲ್ಲ. ಗೌಂಡಿ ತೋಡುವುದನ್ನು ನಿಲ್ಲಿಸಿದ. ನಾನು ಒಳಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಏಳ್ರಿ ಅಂದೆ. ಕೈ ಹಿಡಿದು ಎಳೆದೆ.

"ಪೂಜಿ ನಡಬರಕ ಬಿಟ್ಟ ಏಳಬಾರದು," ಅಂದರು.

ಪೂಜೆ ಮುಗಿಯಿತು. ಆಗಲೂ ಏಳಲಿಲ್ಲ. "ನಾ ಹೊರಗ ಹೋಗಿ ಕಟ್ಟಿ ಮ್ಯಾಲ ಕುಂತ್ನಿ ಅಂದ್ರ ಓಣಿ ಮಂದಿ ಏನಂತಾರ? ಮೈದುನ ಅಣ್ಣನ ಹೇಂತೀನ್ನ ಹೊರಗ ಹಾಕಿದಾ ಅಂತಾರ. ಆ ಮಾತ ಬರಾಕ ನಾ ಕೊಡಂಗಿಲ್ಲ. ಅಂವಾ ಬರ್ಲಿ, ನೋಡೂಣು."

ಬರೆಯುತ್ತಿರುವಾಗ ಇಲ್ಲಿ ಪ್ರತಿಸಲ ನನ್ನ ಕೈ ನಿಲ್ಲುತ್ತದೆ. ಅತ್ತೆ ತೂಕದ ಹೆಂಗಸಲ್ಲ. ನಾನೂ ಗೌಂಡಿಯೂ ಕೂಡಿ ಎತ್ತಿಕೊಂಡು ಹೊರಗೆ ತರಬಹುದಿತ್ತು. ತರಲಿಲ್ಲ. ಹಿರಿಯರನ್ನು ಹಾಗೆ ಎತ್ತುವುದು ಮರ್ಯಾದೆಯಲ್ಲ ಅನ್ನಿಸಿತು. ಕಾಕುವನ್ನು ಅವರ ಹತ್ತಿರ ಕೂರಿಸಿ, "ಹೆಂಗರ ಮಾಡಿ ಹೊರಗ ಕರಕೊಂಡ ಬರ್ರಿ," ಎಂದು ಹೇಳಿ ಕಚೇರಿಗೆ ಓಡಿದೆ. ಈಗ ಲೆಕ್ಕ ಹಾಕಿದರೆ ನಾನು ಮಾಡಿದ್ದೇನು? ಒಬ್ಬರಿದ್ದ ಜಾಗದಲ್ಲಿ ಇಬ್ಬರನ್ನು ಕೂರಿಸಿ ಹೋದೆ.

ಕಚೇರಿಯಲ್ಲಿ ಕಟ್ಟಡ ಪರವಾನಗಿ ನೋಡುವ ಗುಮಾಸ್ತರು ನನ್ನ ಮಾತನ್ನು ತಾಳ್ಮೆಯಿಂದಲೇ ಕೇಳಿ ಫೈಲು ತೆಗೆದರು. ಪುಟ ತಿರುವಿ, ಒಂದು ಕಾಗದದ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿಸಿದರು.

"ತಕರಾರಿಲ್ಲ ಅಂತ ಬರದದ್ದು ಯಾರ್ರೀ?"

"ನಾನ ರೀ."

"ಸಾಕ್ಷಿ?"

"ನಾನ ರೀ."

"ಅಕ್ಷರಾ ಚಲೋ ಅದಾವು," ಅಂದರು. ಅವರು ಅಣಕಿಸಲಿಲ್ಲ, ಖರೆಯಾಗಿಯೇ ಅಂದರು. ಅದು ಇನ್ನೂ ಕೆಟ್ಟದಾಗಿತ್ತು. "ಈಗ ತಕರಾರ ಐತಿ ಅಂದ್ರ ಅದಕ್ಕೂ ಒಂದ ಅರ್ಜಿ ಬೇಕಾಗತೈತ್ರಿ. ಇಂಜಿನಿಯರ್ ಮೇಡಮ್ಮಾರು ಧುಪದಾಳ ಕಡೆ ಹೋಗ್ಯಾರ. ಬಂದ ಕೂಡಲೇ ಹೇಳತೇನಿ."

"ಗ್ವಾಡಿ ಬೀಳತೈತ್ರೀ ಅಣ್ಣಾರ! ನಮ್ಮ ಅತ್ತಿ ಅದರ ಬುಡಕ ಕುಂತಾರ!"

ಅವರು ನನ್ನ ಮುಖ ನೋಡಿದರು. ಮಣ್ಣು ಮೆತ್ತಿದ ನನ್ನ ತೋಳು ನೋಡಿದರು. ಫೋನು ಎತ್ತಿದರು. ಅಷ್ಟಕ್ಕೆ ಅವರ ಋಣ ನನ್ನ ಮೇಲಿದೆ. ಆದರೂ ನಾನು ಅರ್ಜಿ ಬರೆದೆ. ಮನೆಯವರ ಜೀವ ಉಳಿಸಿಕೊಳ್ಳಲು ಅರ್ಜಿ ಬರೆಯುತ್ತೀಯೆಂದು ಬೆಳಿಗ್ಗೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. 'ಮಾನ್ಯರೇ' ಎಂದು ಬರೆದು, ಮುಂದಿನ ಅಕ್ಷರ ಯಾವುದೆಂದು ಹೊಳೆಯದೆ ಪೆನ್ನು ಹಿಡಿದು ನಿಂತೆ.

ನಾನು ಮನೆಗೆ ಮರಳಿದಾಗ ಅತ್ತೆ ಅದೇ ಗೋಡೆಗೆ ಒರಗಿ ಕೂತಿದ್ದರು. ಇಂಜಿನಿಯರ್ ಬಂದದ್ದು ಮಧ್ಯಾಹ್ನ ಎರಡೂವರೆಗೆ. ನನಗಿಂತ ಸಣ್ಣವರು, ತಲೆಗೆ ಓಡನಿ ಸುತ್ತಿಕೊಂಡು ಸ್ಕೂಟಿಯಲ್ಲಿ ಬಂದರು. ಅಷ್ಟರಲ್ಲಿ ಕಾಕಾ ಕೂಡ ನಾಗನೂರದಿಂದ ಬಂದಿದ್ದರು, ನನ್ನ ಮೇಲೆ ಸಿಟ್ಟಾಗಿದ್ದರು.

"ಮನಿ ಮಾತ ಕಚೇರಿಗಿ ಒಯ್ದೆಲ್ಲವಾ? ಏನ್ ಮಾಡೇನಿ ನಾ? ಸುಣ್ಣದ ಗೆರಿಗಿ ದಾರಾ ಹಿಡದ ಕಡಿಸೇನಿ. ನನ್ನ ಹದ್ದ ಬಿಟ್ಟ ಎಳ್ಳಷ್ಟ ದಾಟಿಲ್ಲ. ಅಣ್ಣನ ಪಾಲಿಂದು ತಿಂದಾ ಅನ್ನೂದ ಬ್ಯಾಡಂತ ಉಲ್ಟಾ ನಂದ ಎರಡ ಬೆರಳ ಬಿಟ್ಟೇನಿ!"

ಇಂಜಿನಿಯರ್ ಟೇಪು ತೆಗೆಯಲಿಲ್ಲ. ಒಳಗೆ ಬಂದು ನಾನು ಹೇಳಿದ ಕಿಂಡಿಯಲ್ಲಿ ತಮ್ಮ ಕೈ ತೂರಿಸಿದರು. ಮೊಣಕೈಯವರೆಗೆ ಒಂದು ಮೊಳ. ಇನ್ನೂ ತುಸು ಮುಂದೆ ಸರಿಸಿ, ಎರಡು ಬೆರಳಷ್ಟು, ನಿಲ್ಲಿಸಿದರು. ಕಾಕಾ ಸುಳ್ಳು ಹೇಳಿರಲಿಲ್ಲ. ಅಣ್ಣನ ಪಾಲಿಗೆ ಬಿಟ್ಟ ಆ ಎರಡು ಬೆರಳು ಅಲ್ಲಿಯೇ ಇದ್ದವು.

"ಯಾಕ ತಗದ್ರಿ ಇದನ್ನ?" ಎಂದು ಕೇಳಿದರು.

"ಮೂರ ಫೂಟ ಖಾಲಿ ಬಿಡ್ರಿ ಅಂತ ನೀವ ಬರದೀರಿ. ಹದ್ದಿನಿಂದ ಬಿಡಬೇಕಲ್ರಿ? ನನ್ನ ಹದ್ದ ಇರೂದು ಗ್ವಾಡಿ ನಡಬರಕ. ಗ್ವಾಡ್ಯಾಗಿಂದ ಒಂದೂವರಿ, ಆಚಿ ಕಡೆ ಒಂದೂವರಿ. ಕೂಡಸ್ರಿ, ಮೂರ ಆಕ್ಕಾವೋ ಇಲ್ಲೋ? ಕಾಯ್ದೇದ ಪ್ರಕಾರನ ಮಾಡೇನಿ."

ಆಕೆ ಕಿಂಡಿಯಿಂದ ಕೈ ಹಿಂದೆ ತೆಗೆದುಕೊಂಡರು. "ಕಾಕಾರ, ಗ್ವಾಡಿ ಅಂದ್ರ ಹೊಲಾ ಅಲ್ರಿ, ನಡುವ ಬದು ಹಾಕಿ ಹಂಚಗೊಳ್ಳಾಕ. ಅರ್ಧಾ ಗ್ವಾಡಿ ಅನ್ನೂದ ಇರಂಗಿಲ್ಲ. ಇದ್ರ ಪೂರಾ, ಇಲ್ಲಂದ್ರ ಇಲ್ಲ." ಆಮೇಲೆ ದನಿ ಇಳಿಸಿ, "ತೊಲಿ ನೋಡ್ರಿ," ಅಂದರು.

ಎಲ್ಲರೂ ಮೇಲೆ ನೋಡಿದೆವು. ತೊಲೆಯ ತುದಿ ಗೋಡೆಯಲ್ಲಿ ಕೂತಿದ್ದ ಕಡೆ ಒಂದು ಬಿರುಕು ಬಾಯಿ ಬಿಟ್ಟಿತ್ತು. ಬೆಳಿಗ್ಗೆ ಅದು ಇರಲಿಲ್ಲ. ಅದರೊಳಗಿಂದ ಆಕಾಶದ ಒಂದು ಎಳೆ ಕಾಣುತ್ತಿತ್ತು. ಅದರ ಮೇಲೆ ಮಾಳಿಗೆಯ ಮಣ್ಣು, ಮೂರು ತಲೆಮಾರು ವರ್ಷ ವರ್ಷ ಮಳೆಗಾಲಕ್ಕೆ ಮುಂಚೆ ಹೇರುತ್ತ ಬಂದ ಮಣ್ಣು.

"ಎಲ್ಲಾರೂ ಹೊರಗ ನಡೀರಿ. ಈಗಿಂದೀಗ. ಸಾಮಾನ ಮುಟ್ಟಬ್ಯಾಡ್ರಿ," ಅಂದರು ಇಂಜಿನಿಯರ್. ಕೆಲಸ ನಿಲ್ಲಿಸಲು ಒಂದು ನೋಟಿಸು, ನಮ್ಮ ಮನೆ ಖಾಲಿ ಮಾಡಲು ಇನ್ನೊಂದು, ಎರಡನ್ನೂ ಅಲ್ಲಿಯೇ ಬರೆದರು.

ನೋಟಿಸು ಎಂಬ ಮಾತು ಕೇಳಿ ಅತ್ತೆಯ ಮುಖ ಬಿಗಿಯಿತು. ಕೂತಲ್ಲಿಂದಲೇ, "ನನ್ನ ಬಾಗಲಿಗಿ ಕಾಗದಾ ಹಚ್ಚತೀಯೇನ ತಂಗೀ? ಯಾಕ, ನಾ ಏನ ಕಳವ ಮಾಡೇನಿ?" ಅಂದರು.

"ಕಳುವಲ್ರಿ ಅಜ್ಜಿ, ಜೀವಕ್ಕ ಧೋಕಾ ಐತ್ರಿ."

"ನನ್ನ ಜೀವಾ ನೂರ ವರ್ಷದ ಗ್ವಾಡಿ ನಂಬಿ ಐತಿ. ನೀ ನಿನ್ನೆ ಬಂದಾಕಿ."

ನಾನು ಅಳತೊಡಗಿದೆ. ಕಾಕು ಗದರಿಸಿದರು. ಅತ್ತೆ ಬೆನ್ನನ್ನು ಗೋಡೆಗೆ ಇನ್ನಷ್ಟು ಒತ್ತಿ ಕೂತರು. ಆಗ ಕಾಕಾ ಮೆಲ್ಲಗೆ ನಡೆದು ಹೋಗಿ ಕಿಂಡಿಯಲ್ಲಿ ತಮ್ಮ ಕೈ ಹಾಕಿದರು. ಬೆರಳು ಆಚೆ ಬಿಸಿಲಿಗೆ ತಾಗಿದ್ದು ಅವರ ಮುಖದ ಮೇಲೆ ಕಾಣಿಸಿತು. ಕೈ ಹಿಂದೆ ತೆಗೆದುಕೊಂಡು, ಟೋಪಿ ತೆಗೆದು, ಅತ್ತೆಯ ಪಕ್ಕ, ಅದೇ ಗೋಡೆಗೆ ಬೆನ್ನು ಕೊಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

ಕಾಕು ಚೀರಿದರು. ಇಂಜಿನಿಯರ್ "ಏನ್ ಮಾಡಾಕತ್ತೀರಿ!" ಎಂದು ಕೂಗಿದರು.

"ವೈನಿ, ಇದು ನನ್ನ ತಪ್ಪ. ನೀವು ಏಳೂತನಕಾ ನಾ ಏಳಂಗಿಲ್ಲ," ಅಂದರು ಕಾಕಾ.

"ಏಳ ತಮ್ಮಾ. ಹುಚ್ಚಗಿಚ್ಚ ಹಿಡದೈತೇನ?"

"ನೀವು ಏಳ್ರಿ."

"ನೀ ಮೊದಲ ಏಳ."

"ಅಣ್ಣನ ಪಾಲಿಗಿ ಎರಡ ಬೆರಳ ಬಿಟ್ಟೇನಿ ವೈನಿ, ಅಷ್ಟರಾಗ ನಾವಿಬ್ರೂ ಕುಂದರೂಣು."

ಆ ಮಾತಿಗೆ ಅತ್ತೆ ಅವರನ್ನು ದಿಟ್ಟಿಸಿ ನೋಡಿದರು. ಎಷ್ಟು ಹೊತ್ತು? ನನ್ನ ತಲೆಯಲ್ಲಿ ಅದು ಇನ್ನೂ ಮುಗಿದಿಲ್ಲ. ಆಮೇಲೆ, "ಹಠಮಾರಿ. ಸಣ್ಣಾಂವ ಇದ್ದಾಗಿಂದ ಹಿಂಗ," ಎಂದು ಬೈಯುತ್ತ ಮೊಣಕಾಲಿಗೆ ಕೈಯೂರಿ ಎದ್ದರು. ತಮಗಾಗಿ ಏಳದವರು ಮೈದುನನಿಗಾಗಿ ಎದ್ದರು. ನಾನು ಕೈ ಹಿಡಿದುಕೊಂಡೆ. ಕಾಕು ಮೊದಲು ಹೊರಗೆ ಹೋದರು, ಹಿಂದೆಯೇ ನಾವು ಪಡಸಾಲೆ ದಾಟಿ ಹೊಸ್ತಿಲಿಗೆ ಬಂದೆವು. ಅತ್ತೆ ಹೊಸ್ತಿಲು ತುಳಿಯದೆ, ಎಂದಿನಂತೆ ಸೆರಗು ಸರಿಮಾಡಿಕೊಂಡು ದಾಟಿದರು. ಹಿಂದೆ ಕಾಕಾ ಟೋಪಿ ತರಲು ತಿರುಗಿದ್ದರು. ಇಂಜಿನಿಯರ್ ಅವರ ಅಂಗಿ ಹಿಡಿದು ಎಳೆದರು.

ಗೋಡೆ ಬೀಳುವಾಗ ದೊಡ್ಡ ಸದ್ದಾಗುತ್ತದೆ ಎಂದುಕೊಂಡಿದ್ದೆ. ಮೊದಲು ಆಗಲಿಲ್ಲ. ಜೋಳದ ಚೀಲ ಕಟ್ಟು ಬಿಚ್ಚಿ ಸುರಿದಂತೆ ಮೆತ್ತಗಿನ ಸರಸರ ಸದ್ದು. ನಾನು ಹಿಂತಿರುಗಿ ನೋಡಿದೆ. ಪೂಜೆಯ ದೀಪ ಇನ್ನೂ ಉರಿಯುತ್ತಿತ್ತು. ಅದರ ಹಿಂದಿನ ಗೋಡೆ ಒಳಗಿನಿಂದ ಉಸಿರು ತೆಗೆದುಕೊಂಡಂತೆ ಉಬ್ಬಿತು. ತೊಲೆಯ ತುದಿ ಸಾವಕಾಶ ಕೆಳಗೆ ಬಂತು, ಯಾರೋ ಹಗ್ಗ ಕಟ್ಟಿ ಇಳಿಸುತ್ತಿದ್ದಾರೆ ಅನ್ನುವಷ್ಟು ಸಾವಕಾಶ. ಆಮೇಲೆ ಮಾಳಿಗೆ ಬಂತು. ಆಗ ಸದ್ದಾಯಿತು. ಅದು ಕಿವಿಯಲ್ಲಿ ಅಲ್ಲ, ಅಂಗಾಲಿನಲ್ಲಿ ಕೇಳಿಸಿತು.

ಧೂಳಿನಲ್ಲಿ ಏನೂ ಕಾಣಲಿಲ್ಲ. ಅತ್ತೆಯ ಕೈ ನನ್ನ ಕೈಯಲ್ಲಿತ್ತು. ಅವರ ಇನ್ನೊಂದು ಕೈ ಗಾಳಿಯಲ್ಲಿ ತಡಕಾಡುತ್ತಿತ್ತು.

"ತಮ್ಮಾ?"

ಅತ್ತೆ ಮತ್ತೆ ಕೂಗಿದರು.

"ತಮ್ಮಾ?"

ಕೆಮ್ಮು. ಆಮೇಲೆ, "ಅದೇನ್ರಿ ವೈನಿ. ಇಲ್ಲೇ ಅದೇನ್ರಿ."

ಅತ್ತೆ ಅಲ್ಲಿಯೇ ಬೀದಿಯ ಮೇಲೆ ಕೂತರು. ಓಣಿಯ ಮಂದಿ ಏನಂದಾರು ಎಂಬುದು ಆಗ ಅವರ ನೆನಪಿನಲ್ಲಿ ಇರಲಿಲ್ಲ ಅಂತ ಕಾಣುತ್ತದೆ. ಧೂಳು ಇಳಿದಾಗ ಅವರು ಕೂತಿದ್ದ ಜಾಗ ಹುಡುಕಿದೆ. ಆ ಜಾಗವೇ ಇರಲಿಲ್ಲ. ಎದೆಯೆತ್ತರ ಮಣ್ಣು, ಅದರ ಮೇಲೆ ಅಡ್ಡಬಿದ್ದ ತೊಲೆ.

ಯಾರಿಗೂ ಒಂದು ಗಾಯವಾಗಲಿಲ್ಲ. ಜನ ಇದನ್ನೇ ಹೇಳುತ್ತಾರೆ, ದೇವರು ದೊಡ್ಡವನು ಎನ್ನುತ್ತಾರೆ. ಇರಬಹುದು. ನನಗೆ ಮಾತ್ರ ಅಂದಿನಿಂದ ನಿದ್ದೆ ಹೋಯಿತು.

ನಾವು ಹುಕ್ಕೇರಿಯ ನಾದಿನಿಯ ಮನೆಗೆ ಹೋದೆವು. ಅಲ್ಲಿಂದ ಮೂಡಲಗಿ ದೂರ, ಬಸ್ಸು ಬದಲಿಸಬೇಕು. ಅರಭಾವಿಯಲ್ಲಿ ಕಾಲೇಜು ಹುಡುಗಿಯರು ನಗುತ್ತ ಹತ್ತುವಾಗ ನನಗೆ ಎಚ್ಚರವಾಗುತ್ತಿತ್ತು. ನಿದ್ದೆ ಅಂತ ಬಂದರೆ ಅದು ಬಸ್ಸಿನಲ್ಲಿ ಮಾತ್ರ, ಅದೂ ಕಿಟಕಿಯ ಬದಿಯಲ್ಲಿ, ಗೋಡೆ ಇಲ್ಲದ ಕಡೆ. ರಾತ್ರಿ ಹಾಸಿಗೆಯನ್ನು ಗೋಡೆಯಿಂದ ದೂರ ಎಳೆದುಕೊಳ್ಳುತ್ತಿದ್ದೆ. ಅತ್ತೆ ಅದೇ ಕೋಣೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಗೊರಕೆ ಹೊಡೆಯುತ್ತಿದ್ದರು. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವಾಗ ಕಿಟಕಿಯ ಸಂದಿಯಲ್ಲಿ ತೋಳು ಚಾಚಿ ಗೋಡೆ ಎಷ್ಟು ದಪ್ಪವಿದೆ ಎಂದು ನೋಡುತ್ತಿದ್ದೆ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು, "ಮೇಡಂ, ಏನ ಬಿದ್ದೈತ್ರಿ ಅಲ್ಲಿ?" ಎಂದು ಕೇಳಿದಳು. ಏನೂ ಇಲ್ಲ ಎಂದೆ.

ಕಚೇರಿಯಲ್ಲಿ ವಿಚಾರಣೆ ನಡೆಯಿತು. ಕಾಕಾನ ಪರವಾನಗಿಗೆ ತಡೆ ಬಿತ್ತು, ನಕಾಶೆ ಹೊಸದಾಗಿ ಮಾಡಿಸಬೇಕಾಯಿತು. ಹೇಳಿಕೆ ಕೊಡುವಾಗ ಕಾಕಾ ನನ್ನ ಪತ್ರದ ಮಾತೇ ಎತ್ತಲಿಲ್ಲ. ಎತ್ತಬಹುದಿತ್ತು, ಅವರ ಕೈಯಲ್ಲಿದ್ದ ಒಂದೇ ಆಧಾರ ಅದು. ನಾನೇ ಎತ್ತಿದೆ. 'ಪತ್ರ ಬರೆದವಳು ನಾನು. ನಕಾಶೆ ನೋಡಿದ್ದೆ. ಗೋಡೆಯ ಬಗ್ಗೆ ಕೇಳಲಿಲ್ಲ' ಎಂದು ಬರೆದುಕೊಟ್ಟೆ. ಹೊರಗೆ ಬಂದಾಗ ಕಾಕಾ, "ಇದನ್ನರೆ ಬರೀದ ಇರಬೇಕಿಲ್ಲವಾ? ನಿನಗ ಬರಿಯೂ ಚಟಾ," ಅಂದರು. ನಾನು ನಕ್ಕೆ. ಆ ರಾತ್ರಿಯಾದರೂ ನಿದ್ದೆ ಬರುತ್ತದೆ ಎಂದುಕೊಂಡೆ. ಬರಲಿಲ್ಲ.

ಯಾಕೆಂದು ನನಗೆ ಗೊತ್ತಿತ್ತು. ಗೋಡೆ ಪೂರ್ತಿ ಬಿದ್ದಿರಲಿಲ್ಲ. ಕಿಂಡಿ ಇದ್ದ ಒಂದು ತುಂಡು, ಆಳೆತ್ತರಕ್ಕಿಂತ ಹೆಚ್ಚು, ತುಸು ವಾಲಿಕೊಂಡು ನಿಂತೇ ಇತ್ತು. ಕಚೇರಿಯವರು ಸುತ್ತ ಪಟ್ಟಿ ಕಟ್ಟಿ, ಮರದ ಆನಿಕೆ ಕೊಟ್ಟಿದ್ದರು. ಅದನ್ನು ತೆಗೆಯಲು ಎರಡೂ ಮನೆಯ ಒಪ್ಪಿಗೆ ಬೇಕಿತ್ತು. ಅತ್ತೆ ಒಪ್ಪಲಿಲ್ಲ. ಕಾಕಾನೂ ಮನಸ್ಸು ಮಾಡಲಿಲ್ಲ. ಇಬ್ಬರಿಗೂ ಅದು ಉಳಿದದ್ದೇ ಒಂದು ಸೋಜಿಗ. "ಎಲ್ಲಾ ಹೋತು, ಅದೊಂದ ನಿಂತೈತಿ. ಅದರ ಮನಸ್ಸಿನ್ಯಾಗ ಏನ ಐತ್ಯೋ," ಎನ್ನುತ್ತಿದ್ದರು ಅತ್ತೆ. ಅದರ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಕಣ್ಣು ಮುಚ್ಚಿದರೆ ಅದು ಉಬ್ಬುತ್ತಿತ್ತು. ಅದರ ಬುಡದಲ್ಲಿ ಒಮ್ಮೆ ಅತ್ತೆ, ಒಮ್ಮೆ ಕಾಕು, ಒಮ್ಮೆ ಶಾಲೆಗೆ ಹೋಗುವ ಯಾರದೋ ಮಕ್ಕಳು.

ಕೊನೆಗೆ ಅತ್ತೆಗೆ ನಾನು ಗೋಡೆಯ ವಿಷಯ ಹೇಳಲಿಲ್ಲ. ನನ್ನ ವಿಷಯ ಹೇಳಿದೆ. "ಅತ್ತಿ, ಅದು ನಿಂತಿರೂತನಕಾ ನನಗ ನಿದ್ದಿ ಬರಂಗಿಲ್ಲ."

ಅವರು ನನ್ನ ಕಣ್ಣಿನ ಕೆಳಗಿನ ಕಪ್ಪನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದರು, ಕಾಡಿಗೆ ಎಂದುಕೊಂಡವರಂತೆ. "ಮೊದಲ ಹೇಳಬಾರದೇನವಾ?" ಅಂದರು. ಮರುದಿನವೇ ಸಹಿ ಹಾಕಿದರು. ಈ ಸಲದ ಒಪ್ಪಿಗೆ ಪತ್ರವನ್ನೂ ನಾನೇ ಬರೆದೆ. ಮೂರು ಸಲ ಓದಿದೆ. ಗೋಡೆ ಪೂರ್ತಿ ಎಂದು ಬರೆದೆ, ಎತ್ತರ, ಉದ್ದ, ದಪ್ಪ ಮೂರೂ ಬರೆದೆ. ಅರ್ಧ ಎಂಬ ಶಬ್ದ ಎಲ್ಲಿಯೂ ಇರಲಿಲ್ಲ.

ಗುರುವಾರ ಕೆಡವಿದರು. ಅದೇ ಹಿರಿಯ ಗೌಂಡಿ, ಅದೇ ಇಂಜಿನಿಯರ್. ಮೇಲಿನಿಂದ ಒಂದೊಂದೇ 'ವರಸೆ' ಕಲ್ಲು, ಎಂದರೆ ಒಂದೊಂದೇ ಸಾಲು, ಇಳಿಸುತ್ತ ಬಂದರು. ನಾನು ರಜೆ ಹಾಕಿ ಬೆಳಿಗ್ಗೆಯಿಂದ ಎದುರಿನ ಕಟ್ಟೆಯ ಮೇಲೆ ಕೂತಿದ್ದೆ. ಅತ್ತೆ, ಕಾಕು ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕಿಂಡಿಯ ಮೇಲಿನ ಹಾಸುಗಲ್ಲು ಇಳಿಸುವಾಗ ಗೌಂಡಿ ಕೇಳಿದ, "ಬಾಯಾರ, ಇದನ್ನ ಇಟ್ಟಗೊಳ್ತೀರೇನ್ರಿ?"

ಕಾಕು ಅತ್ತೆಯ ಮುಖ ನೋಡಿದರು. "ಬಟ್ಟಿ ಒಗಿಯಾಕ ಚಲೋ ಐತಿ," ಅಂದರು ಅತ್ತೆ.

ಸಂಜೆ ಐದರ ಹೊತ್ತಿಗೆ ನೆಲದ ಮಟ್ಟ ಬಂತು. ನಾನು ಎದ್ದು ಹೋಗಿ ಗೋಡೆ ಇದ್ದ ಕಡೆ ನಿಂತೆ. ಒಂದು ಕಾಲು ನಮ್ಮ ಪಾಲಿನಲ್ಲಿ, ಒಂದು ಕಾಲು ಅವರ ಪಾಲಿನಲ್ಲಿ. ತಲೆಯ ಮೇಲೆ ಏನೂ ಇರಲಿಲ್ಲ.

ಹುಕ್ಕೇರಿಯ ಬಸ್ಸು ಹಿಡಿದು ಹೋಗಿ, ಊಟ ಮಾಡಿ, ಹಾಸಿಗೆಯನ್ನು ಎಲ್ಲಿ ಹಾಸಿದ್ದಾರೆಂದು ನೋಡದೆ ಮಲಗಿದೆ. ಎಚ್ಚರವಾದಾಗ ಬಿಸಿಲು ಕಾಲ ಮೇಲಿತ್ತು. ನನ್ನ ಬೆನ್ನು ಗೋಡೆಗೆ ತಾಗಿತ್ತು. ಅತ್ತೆ ಬಾಗಿಲಲ್ಲಿ ನಿಂತು, "ನಿನ್ನ ಮೂಡಲಗಿ ಬಸ್ಸ ಹೋತು. ಎಬ್ಬಸಾಕ ಮನಸ ಆಗಲಿಲ್ಲ," ಅಂದರು.